ನೀಲ್ಗಾಯ್ ಬಾಯಲ್ಲಿ ಆಯುಧಪೂಜೆಯ ಹಾರ

ಹಸುವಿನಷ್ಟು ದೊಡ್ಡದೊಂದು ನೀಲ್ಗಾಯ್ ಮಳೆಯಲ್ಲೇ ನಮ್ಮ ಕಾರಿನ ಮುಂದೆ ಬಂದು ನಿಂತು, ಬಾನೆಟ್ಟಿಗೆ ಕಟ್ಟಿದ್ದ ಸೇವಂತಿಗೆ ಹಾರಕ್ಕೆ ಬಾಯಿ ಹಾಕಿತು. ಹಿಂದಿನ ದಿನದ ಆಯುಧಪೂಜೆಯ ಹಾರ ಅದು. ತೆಗೆಯಲು ಮನಸ್ಸಾಗದೆ, ಪರದೇಶದಲ್ಲಿ ನಾವಿರುವ ಊರು ರೌಂಡ್ ರಾಕ್‌ನಿಂದ ಹಾಗೇ ಸಫಾರಿಗೆ ಬಂದಿದ್ದೆವು. ನಮ್ಮದೇ ಕಾರಿನಲ್ಲಿ ಪ್ರಾಣಿಗಳ ನಡುವೆ ಸುತ್ತುವ ಜಾಗ. ಕೆಳಗೆ ಇಳಿಯುವಂತಿಲ್ಲ ಎಂದು ಹೆಜ್ಜೆಗೊಂದು ಬೋರ್ಡು. ಮಗಳು ಫೋನಿನಲ್ಲಿ ವಿಡಿಯೊ ಮಾಡುತ್ತಾ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಮೈಸೂರಿನಿಂದ ಬಂದಿದ್ದ ಅತ್ತೆ ಮಾತ್ರ ಸೀಟ್ ಬೆಲ್ಟ್ ಬಿಚ್ಚಿದರು.

"ಅತ್ತೆ, ಇಳೀಬೇಡಿ!" ಎಂದೆ.

"ಸುಮ್ನಿರೇ. ಆ ಹೂ ಕಟ್ಟಿರೋದು ನೀವು ಹಲ್ಲಿನ ಸಂದಿಗೆ ಹಾಕೋ ದಾರದಲ್ಲಿ. ಹೊಟ್ಟೆಗೆ ಹೋದ್ರೆ ಅದರ ಜೀವ ಹೋಗತ್ತೆ."

ನಿಜ. ಮನೆಯಲ್ಲಿ ಬೇರೆ ದಾರವಿಲ್ಲದೆ ಅತ್ತೆ ಡೆಂಟಲ್ ಫ್ಲಾಸ್‌ನಲ್ಲೇ ಹಾರ ಕಟ್ಟಿದ್ದರು.

ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಕೆಸರಿಗೆ ಇಳಿದವರು, ಮನೆಯ ಹಸುವನ್ನು ಗದರಿಸುವಂತೆ "ಬಿಡು, ಬಿಡು" ಎನ್ನುತ್ತಾ ಹಾರವನ್ನು ಅದರ ಬಾಯಿಂದ ಎಳೆದರು. ಎರಡು ಸಲ ತಲೆ ಕೊಡವಿ ಅದು ಬಿಟ್ಟಿತು. ಹಿಂದಿನ ಕಾರಿನವರು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದರು. ಹಾರದಲ್ಲಿ ಹೂವೇ ಉಳಿದಿರಲಿಲ್ಲ. ಅತ್ತೆ ಮಳೆಯಲ್ಲೇ ನಿಂತು, ಈ ತುದಿಯ ಗಂಟಿನಿಂದ ಆ ತುದಿಯ ಗಂಟಿನವರೆಗೆ ದಾರದ ಮೇಲೆ ಬೆರಳಾಡಿಸಿ, ಎಲ್ಲೂ ತುಂಡಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಾರು ಹತ್ತಿದರು.

ಈಗ ಹಬ್ಬಕ್ಕೆ ಕಾರಿನ ಮೇಲೆ ಬಿಡಿ ಹೂ ಇಡುತ್ತೇವೆ. ನಮ್ಮ ಬೀದಿಯ ತಿರುವು ದಾಟುವಷ್ಟರಲ್ಲಿ ಎಲ್ಲ ಉದುರಿಹೋಗುತ್ತವೆ. ಉದುರಲಿ ಬಿಡಿ.