ಹೆಸರು ಕೇಳಿ ರಕ್ತ ತೆಗೆಯುವ ಶಾಂತಮಲ್ಲಮ್ಮ

ಬೆಳಕು ಹರಿದರೂ ಹಂಗಳದ ರಾಚಮ್ಮನ ಮನೆಯಲ್ಲಿ ಒಲೆ ಹೊತ್ತಿಲ್ಲ. ಹೊತ್ತಿಸಬೇಡಿ ಎಂದು ಸೊಸೆಗೆ ನಿನ್ನೆಯೇ ತಾಕೀತಾಗಿದೆ. ಒಲೆ ಹೊತ್ತಿದರೆ ಅಜ್ಜಿ ಕಾಫಿ ಕುಡಿಯುತ್ತಾರೆ, ಕುಡಿದದ್ದನ್ನು ಮರೆತು ಇಲ್ಲವೆಂದು ಆಣೆಯನ್ನೂ ಇಡುತ್ತಾರೆ. ಪರೀಕ್ಷೆಗೆ ಬೇಕಾದದ್ದು ಖಾಲಿ ಹೊಟ್ಟೆಯ ರಕ್ತ. ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೆ ಬಂದ ಶಾಂತಮಲ್ಲಮ್ಮ ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, "ನಿಮ್ಮೆಸ್ರೇನವ್ವ?" ಎನ್ನುತ್ತಾರೆ. ಗೊತ್ತಿದ್ದರೂ ಕೇಳಬೇಕು. ರಕ್ತ ಕೊಡುವವರ ಬಾಯಿಂದಲೇ ಹೆಸರು ಹೇಳಿಸಿ ಟ್ಯೂಬಿನ ಮೇಲೆ ಬರೆಯುವುದು ಈ ಕೆಲಸದ ನಿಯಮ.

ನಲವತ್ತಾರರ ಶಾಂತಮಲ್ಲಮ್ಮ ಗುಂಡ್ಲುಪೇಟೆಯ ಸಣ್ಣ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಟೆಕ್ನಿಷಿಯನ್. 2005ರಿಂದ, ಅಂದರೆ ಎರಡು ವರ್ಷಗಳಿಂದ, ಮರೆವಿನ ಬಗ್ಗೆ ಅಧ್ಯಯನ ಮಾಡುವ ಮೈಸೂರಿನ ತಂಡವೊಂದಕ್ಕೆ ಅರವತ್ತು ದಾಟಿದವರ ರಕ್ತ ತೆಗೆದು ಕಳಿಸುತ್ತಿದ್ದಾರೆ. ದಿನಕ್ಕೆ ಎಂಟು ಮಂದಿ, ತಲಾ ಮೂರು ಟ್ಯೂಬು. ಒಂದರಲ್ಲಿ ಬಿ-12 ನೋಡುತ್ತಾರೆ, ಇನ್ನೊಂದರಲ್ಲಿ ಥೈರಾಯ್ಡ್. ಇವು ಕಡಿಮೆಯಾಗಿ ಬಂದ ಮರೆವು ಬಹುಮಟ್ಟಿಗೆ ಔಷಧಿಗೆ ಬಗ್ಗುತ್ತದೆ. ಮೂರನೆಯ ಟ್ಯೂಬು ಫ್ರೀಜರಿನಲ್ಲಿ ಕಾಯುತ್ತದೆ. ಬುದ್ಧಿಯನ್ನೇ ಅಳಿಸುವ ಮರೆವಿನ ಕಾಯಿಲೆ ಬರುವ ಮೊದಲೇ ಅದರ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ಮುಂದೊಂದು ದಿನ ನೋಡುವುದಕ್ಕೆ. ಅಂಥ ಪರೀಕ್ಷೆ ಇನ್ನೂ ನಮ್ಮ ಕಡೆಗೆ ಬಂದಿಲ್ಲ.

ಐಸ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ, ಒಳಗಿರುವುದು ಕೇರಳದ ಮೀನೇ ಎಂದು ಪಕ್ಕದವರು ಕೇಳುತ್ತಾರಂತೆ. ಹೌದು ಅಂದುಬಿಟ್ಟರೆ ಒಂದು ಸೀಟು ಪೂರ್ತಿ ತಮಗೇ ಎಂದು ನಗುತ್ತಾರೆ. ನಾನೂ ಮೊದಲು ಮೀನೇ ಅಂದುಕೊಂಡಿದ್ದೆ, ಹೇಳಲಿಲ್ಲ.

ರಕ್ತದ ಜೊತೆಗೆ ನೆನಪಿನ ಪ್ರಶ್ನೆಗಳೂ ಇವೆ. ಇವತ್ತು ಯಾವ ವಾರ, ನಿಮ್ಮ ಊರು ಯಾವುದು, ಗಂಡನ ಹೆಸರೇನು. ಶುರುವಿನಲ್ಲಿ ಮೈಸೂರಿನ ತಂಡದಿಂದ ಬಂದ ಹುಡುಗಿಯೊಬ್ಬಳು ಹಂಗಳದ ಹನ್ನೊಂದು ಅಜ್ಜಿಯರಿಗೆ ಕೊನೆಯ ಪ್ರಶ್ನೆಗೆ ಸೊನ್ನೆ ಹಾಕಿದ್ದಳು. ಅಯ್ಯೋ, ಅವರ್ಯಾರೂ ಮರೆತಿರಲಿಲ್ಲ! ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ? ಶಾಂತಮಲ್ಲಮ್ಮ ಬೇರೆ ದಾರಿ ಕಂಡುಕೊಂಡರು. ತಾವೇ ಮೂರು ಹೆಸರು ಹೇಳುತ್ತಾರೆ. ಸರಿಯಾದದ್ದು ಬಂದಾಗ ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ತಲೆ ಆಡಿಸುತ್ತಾರೆ. ಹನ್ನೊಂದು ಸೊನ್ನೆಗಳೂ ಅಳಿಸಿಹೋದವು.

ಇದನ್ನು ನಾನು ಹೊಗಳಿದರೆ ಅವರ ಮುಖ ಬಾಡುತ್ತದೆ. ಅವರ ತಾಯಿ ಸಣ್ಣತಾಯಮ್ಮ ಹರದನಹಳ್ಳಿಯಲ್ಲಿದ್ದಾಗ, ಆರು ವರ್ಷದ ಹಿಂದೆ, ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, ಗುರುಮಲ್ಲಯ್ಯ, ಉಣ್ಣಕ್ಕೆ ಬಾ ಎಂದು ಗಂಡನನ್ನು ಕೂಗಿದರಂತೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ. ಬೀದಿಯೆಲ್ಲ ನಕ್ಕಿತು. ಗುರುಮಲ್ಲಯ್ಯನವರೂ ನಾಚಿಕೊಂಡು, ಖುಷಿಯಾಗಿಯೇ ಊಟಕ್ಕೆ ಬಂದರು. ಮರುವರ್ಷ ಅವರು ತೀರಿಕೊಂಡರು.

"ಅವ್ವುಂಗೆ ಈಗ ಧೈರ್ಯ ಬಂತು ಅಂತ ನಾನೂ ನಕ್ಬುಟ್ಟೆ ಸಾರ್. ಎಸ್ರು ಏಳಬಾರ್ದು ಅನ್ನೋದ್ನೇ ಅವ್ವ ಮರ್ತೋಗಿದ್ಲು. ಊರೋರ ಮರವೆಲ್ಲ ಇಡೀತೀನಿ, ನಮ್ಮವ್ವುಂದು ಇಡೀನಿಲ್ಲ" ಎನ್ನುತ್ತಾರೆ. ಆಮೇಲೆ ಪರೀಕ್ಷೆ ಮಾಡಿದಾಗ ತಾಯಿಯ ಬಿ-12, ಥೈರಾಯ್ಡ್ ಎರಡೂ ಸರಿಯಾಗಿಯೇ ಇದ್ದವು. ಅವು ಕಡಿಮೆ ಬರಲಿ ಎಂದು ದೇವರಿಗೆ ಕೈ ಮುಗಿದ ಮಗಳು ಈಕೆಯೊಬ್ಬಳೇ ಇರಬೇಕು. ಔಷಧಿ ಇರುವ ಮರೆವಾಗಲಿ ಎಂಬ ಆಸೆ.

ತಾಯಿ ಈಗ ಗುಂಡ್ಲುಪೇಟೆಯಲ್ಲಿ ಮಗಳ ಜೊತೆಗೇ ಇದ್ದಾರೆ. ಆ ಮೂರನೆಯ ಟ್ಯೂಬು ಮುಂದೆ ಯಾರದೋ ಮಗಳಿಗೆ ಉಪಯೋಗಕ್ಕೆ ಬರಲಿ ಎನ್ನುವ ಶಾಂತಮಲ್ಲಮ್ಮ, ತಮಗೇನು ಬೇಕೆಂದು ಕೇಳಿದರೆ ಹೇಳುವುದು ಇಷ್ಟೇ: "ಅವ್ವ ಒಂದ್ಸಲ ಸಾಂತಿ ಅಂತ ಕೂಗ್ಬುಟ್ರೆ ಸಾಕು."

ಆರು ತಿಂಗಳಿಗೊಮ್ಮೆ ತಾಯಿಯ ರಕ್ತವೂ ಮೈಸೂರಿಗೆ ಹೋಗಬೇಕು. ಈ ಭಾನುವಾರ ಬೆಳಿಗ್ಗೆ ನನ್ನೆದುರಿಗೇ ಪಟ್ಟಿ ಬಿಗಿದು, ನಿಯಮದಂತೆ ಹೆಸರು ಕೇಳುತ್ತಾರೆ. ಸಣ್ಣತಾಯಮ್ಮ ಯೋಚಿಸಿ, ಗುರುಮಲ್ಲಯ್ಯನ ಎಂಡ್ತಿ ಎನ್ನುತ್ತಾರೆ. ಸೂಜಿ ಹೋಗುತ್ತದೆ, ಬರುತ್ತದೆ. ಮುದುಕಿ ಮಗಳ ಕೈಯನ್ನು ಹಿಡಿದು ಸವರುತ್ತಾರೆ.

"ನೋವೇ ಆಗ್ನಿಲ್ಲ ಕಣಮ್ಮಿ, ಒಳ್ಳೇ ಕೈ ನಿಂದು. ನಿಮ್ಮವ್ವ ಎಲ್ಲವ್ಳೆ?"

"ಇಲ್ಲೇ ಅವ್ಳೆ ಕಣವ್ವ" ಎಂದು ಶಾಂತಮಲ್ಲಮ್ಮ ಮೂರು ಟ್ಯೂಬಿನ ಮೇಲೂ ಸಣ್ಣತಾಯಮ್ಮ ಎಂದು ಬರೆಯುತ್ತಾರೆ.