ವೀರಗಲ್ಲಿಗೆ ಸೀಗೆಪುಡಿ

ನಂಬದಿದ್ದರೆ ಬಿಡಿ, ನಮ್ಮ ಚರಿತ್ರೆ ಪ್ರೊಫೆಸರಿಗೆ ಕಳಸದ ಹತ್ತಿರದ ಆ ಶಾಸನ ದಕ್ಕಿದ್ದು ನನ್ನಿಂದ. ಜೊತೆಗೆ ಬಂದಿದ್ದ ಬಿ.ಎ. ಹುಡುಗರಲ್ಲಿ ಈ ಕಡೆಯವನು ನಾನೊಬ್ಬನೇ. ಮೂಡಿಗೆರೆ ದಾಟುವಾಗಲೇ, "ಈ ಸೀಮೇಲಿ ನನ್ನ ಮಾತು ಯಾರೂ ತೆಗೆದುಹಾಕಲ್ಲ ಸಾರ್" ಎಂದಿದ್ದೆ.

ಶಾಸನವಿದ್ದದ್ದು ಒಂದು ವೀರಗಲ್ಲಿನ ಮೇಲೆ. ತಲೆಮಾರುಗಳಿಂದ ಹಚ್ಚಿದ ಎಣ್ಣೆ ಗಟ್ಟಿಯಾಗಿ ಕೂತು ಒಂದಕ್ಷರವೂ ಕಾಣುತ್ತಿರಲಿಲ್ಲ. ಪ್ರೊಫೆಸರು ಬ್ರಷ್ಷು ತೆಗೆದರು. ಕಲ್ಲಿಗೆ ಪೂಜೆ ಮಾಡುವ ತಿಮ್ಮಜ್ಜ ಅಡ್ಡ ನಿಂತರು.

"ದೇವ್ರನ್ನ ಉಜ್ಜಿ ಓದ್ತೀರಾ? ನಡೀರಿ ನಡೀರಿ."

ಅದಕ್ಕಾಗಿಯೇ ಅಷ್ಟು ದೂರ ಬಂದಿದ್ದ ಪ್ರೊಫೆಸರ ಮುಖ ಸಪ್ಪಗಾಯಿತು. ಹುಡುಗರು ನನ್ನನ್ನೇ ನೋಡಿದರು.

"ಅಜ್ಜ, ಓದೋದು ಹಾಗಿರ್ಲಿ. ಇಷ್ಟು ವರ್ಷ ಎಣ್ಣೆ ಹಚ್ಚಿದ್ರಲ್ಲ, ನೀರು ಎರೆದಿದ್ದು ಯಾವಾಗ? ಎಣ್ಣೆ ಹಚ್ಚಿ ಹಾಗೇ ಕೂರ್ಸಿದ್ರೆ ನಿಮ್ಮ ಮೊಮ್ಮಗ ಸುಮ್ನಿರ್ತಾನಾ?"

ಅಜ್ಜ ಕಲ್ಲಿನ ಮೇಲೆ ಬೆರಳಾಡಿಸಿ ಜಿಡ್ಡು ನೋಡಿದರು.

"ಅದೂ ಹೌದು ಮಾರಾಯ. ಆದ್ರೆ ಎರೆಯೋನು ಉಪವಾಸ ಇರ್ಬೇಕು. ಒದ್ದೆ ಬಟ್ಟೇಲೇ ಎರೀಬೇಕು."

ಹೊಳೆಯಲ್ಲಿ ಮುಳುಗಿ ಬಂದು ಸಂಜೆಯವರೆಗೆ ಸೀಗೆಪುಡಿ ಹಾಕಿ ಉಜ್ಜಿದೆ. ಅಕ್ಷರಗಳು ಎದ್ದು ಬಂದವು. ಪ್ರೊಫೆಸರು ಕಾಗದ ಒತ್ತಿ ಅಚ್ಚು ತೆಗೆದುಕೊಂಡರು. ಹುಡುಗರು ಅಜ್ಜನ ಮನೆಯಲ್ಲಿ ಕಡುಬು ತಿಂದರು. ಉಪವಾಸವಿದ್ದ ನನಗೆ ಅಜ್ಜ ಅರ್ಧ ತೆಂಗಿನಕಾಯಿ ಕೊಟ್ಟರು.