ಲಿನಕ್ಸ್‌ನಲ್ಲಿ ಹಾಸಿದ ಚೌಕಾಬಾರ

ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಉಜ್ಜನಪ್ಪನವರ ಮಗ ಬಕ್ಕೇಶನಿಗೆ ಎರಡು ವಿಷಯಗಳಲ್ಲಿ ಯಾರಾದರೂ ಎದುರಾಡಿದರೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಒಂದು, ಪಾಪ್ಲಿನ್ ಬಟ್ಟೆಯ ಗುಣ. ಇನ್ನೊಂದು, ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಬಿಟ್ಟಿ ತಂತ್ರಾಂಶ ಲಿನಕ್ಸ್. ಮೊದಲನೆಯದರಲ್ಲಿ ಜಗಳಕ್ಕೆ ಬೇಕಾದಷ್ಟು ಗಿರಾಕಿಗಳಿದ್ದರು. ಎರಡನೆಯದರಲ್ಲಿ, ಪಾಪ, ಊರೆಲ್ಲ ಹುಡುಕಿದರೂ ಜಗಳವಾಡಲು ಒಬ್ಬ ಸಿಗುವುದು ಕಷ್ಟವಿತ್ತು. ಅದು ತೊಂಬತ್ತೆಂಟನೆಯ ಇಸವಿ. ಕಂಪ್ಯೂಟರ್ ಎಂದರೆ ವಿಂಡೋಸ್, ಅದರಾಚೆ ಏನೂ ಇಲ್ಲ ಎಂದು ಜನ ನೆಮ್ಮದಿಯಾಗಿದ್ದ ಕಾಲ.

ಬಕ್ಕೇಶನ ಹುಚ್ಚು ಹಳೆಯದು. ಪಾಲಿಟೆಕ್ನಿಕ್ ಓದುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ವಿಡಿಯೊ ಗೇಮ್ ಅಂಗಡಿಯಲ್ಲಿ ವಿಮಾನ ಹೊಡೆದುರುಳಿಸುತ್ತ ಕ್ಲಾಸು ತಪ್ಪಿಸಿದವನು ಅವನು. ಅಂಗಡಿಯ ಲೆಕ್ಕಕ್ಕೆಂದು ಮನೆಗೆ ಕಂಪ್ಯೂಟರ್ ಬಂದಾಗ, ಪತ್ರಿಕೆಯೊಂದರ ಜೊತೆ ಬಿಟ್ಟಿ ಬಂದ ಸಿ.ಡಿ.ಯಿಂದ ಅದಕ್ಕೆ ಲಿನಕ್ಸ್ ಹಾಕಿದ. ಲೆಕ್ಕ ಸಲೀಸಾಗಿ ನಡೆಯಿತು. ಆಟ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಚಿತ್ರ ಬಂದರೆ ಸದ್ದಿಲ್ಲ, ಸದ್ದು ಬಂದರೆ ಚಿತ್ರ ಕಲ್ಲಿನಂತೆ ನಿಂತಿತು. ವಾರಗಟ್ಟಲೆ ಗುದ್ದಾಡಿ ಸ್ಪೀಕರಿನಿಂದ ಗುಂಡಿನ ಸದ್ದು ಹೊರಡಿಸಿದ ದಿನ ಅವನು ಹೆಂಡತಿ ರೂಪಶ್ರೀಯನ್ನು ಒಲೆಯ ಮುಂದಿನಿಂದ ಎಳೆದು ತಂದು ಕೇಳಿಸಿದ. ರೊಟ್ಟಿ ಸೀದುಹೋಯಿತು.

"ಆಟ ಆಡಾಕ ಇಷ್ಟು ಕಷ್ಟ ಯಾಕ ಪಡ್ಬೇಕ್ರಿ?" ಎಂದು ಅವಳು ಕೇಳಿದ್ದಳು.

"ಕಷ್ಟಪಡೋದೇ ಮೊದಲ್ನೇ ಆಟ ಕಣೆ," ಎಂದಿದ್ದ ಬಕ್ಕೇಶ. ಅವನ ಸಿದ್ಧಾಂತ ಅದು. ಡಬ್ಬಿಯಲ್ಲಿ ಬರುವ ಆಟ ಹೋಟೆಲ್ ಊಟದಂತೆ, ಹಾಕಿದ್ದನ್ನು ಉಣ್ಣಬೇಕು, ಉಪ್ಪು ಕಮ್ಮಿಯಾದರೆ ಅಡುಗೆಮನೆಗೆ ಬಿಡುವುದಿಲ್ಲ. ಲಿನಕ್ಸ್ ಆಟ ಮನೆಯ ಅಡುಗೆ. ಹೊಗೆ ಇದೆ, ಕಣ್ಣಲ್ಲಿ ನೀರು ಬರುತ್ತದೆ, ಆದರೆ ಉಪ್ಪಿನ ಡಬ್ಬಿ ನಮ್ಮ ಕೈಯಲ್ಲಿ. ಏಕೆಂದರೆ ಇಂಥ ಎಷ್ಟೋ ಆಟಗಳ ಜೊತೆಗೆ ಅವುಗಳನ್ನು ನಡೆಸುವ ಒಳಗಿನ ಬರಹವೂ, ಅಂದರೆ ಪ್ರೋಗ್ರಾಮೂ ಬರುತ್ತದೆ. ಓದು, ತಿದ್ದು, ಇನ್ನೊಬ್ಬರಿಗೆ ಕೊಡು, ಯಾರೂ ಕೇಳುವುದಿಲ್ಲ. ಈ ಭಾಷಣವನ್ನು ಅವನು ಎಷ್ಟು ಸಲ ಮಾಡಿದ್ದನೆಂದರೆ, ಸೀರೆ ಆರಿಸಲು ಬಂದ ಹೆಂಗಸರೂ ಅರ್ಧ ಕೇಳಿಸಿಕೊಂಡು ಹೋಗಿದ್ದರು.

ಆ ವರ್ಷದ ದೀಪಾವಳಿಗೆ ಹೆಂಡತಿಯ ತವರು ಹರಿಹರಕ್ಕೆ ಹೋದಾಗ ಅವನಿಗೊಬ್ಬ ಸರಿಯಾದ ಎದುರಾಳಿ ಸಿಕ್ಕ. ರೂಪಶ್ರೀಯ ತಮ್ಮ ಶಿವಕುಮಾರ. ಹರಿಹರದಲ್ಲಿ ಹೊಸದಾಗಿ, ವಿಂಡೋಸ್ ಕಲಿಸುವ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಿದ್ದ.

"ಭಾವ, ನಿಮ್ ಲಿನಕ್ಸು ಲೆಕ್ಕಕ್ಕುಂಟು ಆಟಕ್ಕಿಲ್ಲ," ಎಂದ ಶಿವಕುಮಾರ. ಗಾದೆಯನ್ನು ತಿರುಗಿಸಿ ಹೇಳಿದ್ದಕ್ಕೆ ಮನೆಯವರೆಲ್ಲ ನಕ್ಕರು. ಬಕ್ಕೇಶನ ಕಿವಿ ಕೆಂಪಾಯಿತು.

"ಯುಗಾದಿಗೆ ಬರ್ತೀನಿ. ಈ ಮನೆ ಮಂದಿಯೆಲ್ಲ ಕೂತು ಕೊನೇತನಕ ಆಡೋವಂಥ ಆಟ ತರ್ತೀನಿ. ತರ್ದಿದ್ರೆ ನನ್ನ ಕೈಯಾರೆ ಲಿನಕ್ಸ್ ಅಳಿಸಿ ವಿಂಡೋಸ್ ಹಾಕ್ತೀನಿ. ಗೆದ್ರೆ ನಿನ್ ಸೆಂಟರ್‌ನಾಗೆ ಒಂದು ಮಷೀನಿಗೆ ಲಿನಕ್ಸ್ ಹಾಕ್ಬೇಕು."

"ಆತು ಬಿಡ್ರಿ," ಎಂದ ಶಿವಕುಮಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಊರಿಗೆ ಮರಳಿದ ಮೇಲೆ ಬಕ್ಕೇಶನಿಗೆ ಚಿಂತೆ ಹತ್ತಿತು. ಆ ಮನೆಯವರು ಏನು ಆಡುತ್ತಾರೆ? ಗುಂಡು ಹೊಡೆಯುವ ಆಟ ನೋಡಿದರೆ ರೂಪಶ್ರೀಯ ಅಜ್ಜಿ ಮರುಳಸಿದ್ದಮ್ಮ ಎದ್ದು ಹೋಗುತ್ತಾರೆ. ಆಕೆ ಎದ್ದರೆ ಮನೆಯೇ ಎದ್ದಂತೆ. ಆ ಓಣಿಯಲ್ಲಿ ಚೌಕಾಬಾರಕ್ಕೆ ಆಕೆಯ ಮುಂದೆ ಕೂರಲು ಗಂಡಸರೂ ಹೆದರುತ್ತಿದ್ದರು. ಇದು ನೆನಪಾದದ್ದೇ ತಡ, ಬಕ್ಕೇಶನಿಗೆ ದಾರಿ ಕಂಡಿತು. ಸಿ.ಡಿ.ಯಲ್ಲಿದ್ದ ಒಂದು ಹಲಗೆಯಾಟದ ಬರಹವನ್ನು ಬಿಚ್ಚಿ ಕೂತ. ಐದು ಸಾಲು, ಸಾಲಿಗೆ ಐದು ಮನೆ ಬರೆದ, ಕಾಯಿ ಕಡಿಯಲಾಗದ ಕಟ್ಟೆಮನೆಗಳಿಗೆ ಗೀಟು ಎಳೆದ, ನಾಲ್ಕು ಕವಡೆ ಉರುಳಿಸಿದ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎರಡಕ್ಕೂ ಇನ್ನೊಂದು ಆಟ. ಕಾಯಿ ನಡುಮನೆ ಸೇರಿದರೆ ಹಣ್ಣು. ಎಲ್ಲವೂ ತನ್ನ ಮನೆಯಲ್ಲಿ ತಂದೆ ಆಡುತ್ತಿದ್ದ ಹಾಗೇ.

ಯುಗಾದಿಯ ಬೆಳಿಗ್ಗೆ ಗಂಡ ಹೆಂಡತಿ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಹರಿಹರದ ಬಸ್ ಹತ್ತಿದರು. "ಹಬ್ಬಕ್ಕೆ ಟಿ.ವಿ. ಕೊಡ್ತಿದ್ದೀರೇನ್ರಿ ಮಾವನೋರಿಗೆ?" ಎಂದ ಕಂಡಕ್ಟರ್. ಬಕ್ಕೇಶ ಕೌದಿಯನ್ನು ಇನ್ನಷ್ಟು ಬಿಗಿಮಾಡಿಕೊಂಡ. ಮಾನಿಟರನ್ನು ತೊಡೆಯ ಮೇಲೆ ಕೂಸಿನಂತೆ ತಬ್ಬಿ ಕೂತಿದ್ದ.

ಹೋಳಿಗೆ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಕಂಪ್ಯೂಟರ್ ಹೂಡಿದ. ಮರುಳಸಿದ್ದಮ್ಮ ಕನ್ನಡಕ ಏರಿಸಿ ಪರದೆ ನೋಡಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಮನೆಗಳೇ ಅಲ್ಲಿದ್ದವು. ಅವರ ಮುಖ ಅರಳಿತು. ಅಜ್ಜಿ, ಶಿವಕುಮಾರ, ರೂಪಶ್ರೀ, ಪಕ್ಕದ ಮನೆಯ ಅನ್ನಪೂರ್ಣಮ್ಮ, ನಾಲ್ವರೂ ಕೂತರು. ಕೀಬೋರ್ಡಿನ ಉದ್ದನೆಯ ಗುಂಡಿ ಒತ್ತಿದರೆ ಕವಡೆ ಉರುಳುತ್ತಿತ್ತು. ಅಜ್ಜಿಗೆ ಮೊದಲ ಸಲಕ್ಕೇ ಬಾರ ಬಿತ್ತು. ಬಕ್ಕೇಶ ಗೋಡೆಗೊರಗಿ ನಿಂತು ಮೀಸೆಯಲ್ಲೇ ನಗುತ್ತಿದ್ದ.

ಸುತ್ತು ಮುಗಿಸಿದ ಶಿವಕುಮಾರನ ಕಾಯಿ ಒಳಸುತ್ತಿಗೆ ನುಗ್ಗಿತು.

"ಏ, ನಿಲ್ಸೋ!" ಎಂದರು ಮರುಳಸಿದ್ದಮ್ಮ. "ಯಾರ ಕಾಯಿ ಕಡ್ದಿದ್ದೀಯ ನೀನು? ಒಂದೂ ಕಡೀದೆ ಒಳಗ ಹೆಂಗೆ ಹೋದಿ?"

"ನಾನಲ್ಲ ಅಜ್ಜಿ, ಕಂಪ್ಯೂಟರೇ ಬಿಡ್ತು."

ಬಕ್ಕೇಶನ ನಗು ಮೀಸೆಯೊಳಗೇ ಒಣಗಿತು. ಅವರ ಮನೆಯಲ್ಲಿ ಹಾಗೇ ಆಡುತ್ತಿದ್ದರು. ಯಾರ ಕಾಯನ್ನೂ ಕಡಿಯದೆ ಒಳಗೆ ಹೋಗಬಹುದಿತ್ತು. ಲೋಕವೆಲ್ಲ ಹಾಗೇ ಆಡುತ್ತದೆ ಎಂದುಕೊಂಡಿದ್ದ. ಹೆಂಡತಿಯನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು, ಆದರೆ ಅಂಗಡಿ ಯಜಮಾನರ ಮಗ, ಕೇಳುವುದುಂಟೇ!

"ನಮ್ ಕಡೆ ಹಿಂಗೇ ಅಜ್ಜಿ," ಎಂದ, ಬಿಗಿಯಾಗಿ. "ಸಂಭಾವಿತರ ಆಟ."

"ಸಂಭಾವಿತ್ರು ಜಪ ಮಾಡ್ಲಿ. ಇದು ಹರಿಹರ. ಈ ಯಂತ್ರಕ್ಕೆ ಆಟನೇ ಬರಲ್ಲ, ಅಳಿಯಂದ್ರೇ," ಎಂದು ಅಜ್ಜಿ ಮೊಣಕಾಲಿಗೆ ಕೈ ಊರಿ ಏಳತೊಡಗಿದರು. ಶಿವಕುಮಾರನ ಮುಖದಲ್ಲಿ ಗೆದ್ದ ಕಳೆ.

ಬಕ್ಕೇಶನ ಮುಂದೆ ಈಗ ಎರಡೇ ದಾರಿ. ತನ್ನ ಮನೆಯ ಆಟವೇ ಸರಿ ಎಂದು ಹಟ ಹಿಡಿದು ಪಂಥ ಸೋಲಬೇಕು. ಇಲ್ಲವೇ ಇಷ್ಟು ವರ್ಷ ಗಿರಾಕಿಗಳಿಗೆ ಕೊರೆದ ಭಾಷಣವನ್ನು ಇಲ್ಲೇ ಮಾಡಿ ತೋರಿಸಬೇಕು.

"ಕೂಡ್ರಿ ಅಜ್ಜಿ. ನಿಮ್ಮಾಟ ಹೇಳ್ರಿ, ಹಂಗೇ ಮಾಡಿಕೊಡ್ತೀನಿ."

"ಈಗಲೇ? ಯಾರ ಅಪ್ಪಣೆ ಕೇಳ್ಬೇಕು?"

"ಯಾರ್ದೂ ಬ್ಯಾಡ. ಆಡೋರು ನೀವು, ನೀವು ಹೇಳಿದ್ದೇ ನಿಯಮ."

ಆಟ ಮುಚ್ಚಿ ಒಳಗಿನ ಬರಹ ತೆರೆದ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಅಜ್ಜಿ ಹೇಳುತ್ತ ಹೋದರು, ಇವನು ಬೆರಳಾಡಿಸುತ್ತ ಹೋದ. ಮತ್ತೆ ಆಟ ಶುರುವಾಯಿತು. ಅಜ್ಜಿ ಶಿವಕುಮಾರನ ಕಾಯನ್ನು ಚಟ್ಟನೆ ಕಡಿದರು, ಸುತ್ತು ಮುಗಿಸಿ ಒಳಸುತ್ತಿಗೆ ಬಂದರು. ಬಾಗಿಲು ತೆರೆಯಲಿಲ್ಲ. ಈ ಸಲ ಕಂಪ್ಯೂಟರ್ ಕಡಿದವರನ್ನೂ ಒಳಗೆ ಬಿಡಲೊಲ್ಲದು! ಶಿವಕುಮಾರ ಚಪ್ಪಾಳೆ ತಟ್ಟಿ ನಕ್ಕ. ಬಕ್ಕೇಶ ಬೆವರೊರೆಸಿಕೊಂಡು ಮತ್ತೆ ಬರಹದೊಳಗೆ ಇಳಿದ. ಅನ್ನಪೂರ್ಣಮ್ಮ ಚಹಾ ಕಾಯಿಸಿ ತರುವಷ್ಟರಲ್ಲಿ ತಪ್ಪು ಸಿಕ್ಕಿತ್ತು. ತನ್ನ ಊರ ಮರ್ಯಾದೆಯನ್ನೂ ಅವನು ಪೂರ್ತಿ ಬಿಟ್ಟುಕೊಡಲಿಲ್ಲ. ಯಾವ ಊರಿನ ಆಟ, ದಾವಣಗೆರೆಯದೋ ಹರಿಹರದ್ದೋ ಎಂದು ಕಂಪ್ಯೂಟರೇ ಮೊದಲು ಕೇಳುವಂತೆ ಮಾಡಿದ.

ಆಮೇಲೆ ಯಾರೂ ಏಳಲಿಲ್ಲ. ಅಜ್ಜಿಯ ನಾಲ್ಕೂ ಕಾಯಿ ಹಣ್ಣಾಗುವ ತನಕ ಪಡಸಾಲೆಯಲ್ಲಿ ಕೂಗಾಟವೋ ಕೂಗಾಟ. ಸೋತ ಶಿವಕುಮಾರ ಒಳಗಿನಿಂದ ಫ್ಲಾಪಿ ತಂದು ಕೈಗಿಟ್ಟ. "ಹಾಕಿಕೊಡ್ರಿ ಭಾವ. ನಾಳೆನೇ ಒಂದು ಮಷೀನಿಗೆ ಲಿನಕ್ಸ್ ಹಾಕ್ತೀನಿ. ಇದೇ ಮೊದಲ್ನೇ ಪಾಠ."

ಬಕ್ಕೇಶ ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿಯ ಕಡೆ ನೋಡಿದ. ಅವಳೂ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು.

ಫ್ಲಾಪಿಗೆ ಹಾಕುವ ಮುಂಚೆ ಬರಹವನ್ನು ಇನ್ನೊಮ್ಮೆ ತೆರೆದಾಗ, ಮರುಳಸಿದ್ದಮ್ಮ ಎಲ್ಲಕ್ಕಿಂತ ಮೇಲಿದ್ದ ಸಾಲಿಗೆ ಬೆರಳಿಟ್ಟರು. "ಇದೇನು?"

"ನನ್ನ ಹೆಸ್ರು ಅಜ್ಜಿ. ಮಾಡಿದೋರ ಹೆಸ್ರು ಮೇಲೆ ಹಾಕ್ತಾರೆ. ಇದನ್ನ ಯಾವ ದೇಶದೋರು ತೆರೆದ್ರೂ ಮೊದ್ಲು ಇದೇ ಕಾಣ್ತದೆ."

"ಅಂದ್ರೆ ನಾನು ಹೇಳಿದ್ದೂ ನೀವೇ ಮಾಡಿದಂಗಾತಲ್ಲ."

ಬಕ್ಕೇಶ ತಲೆ ತಗ್ಗಿಸಿದ. ಆಮೇಲೆ ತನ್ನ ಹೆಸರಿನ ಮೇಲೊಂದು ಸಾಲು ಬಿಡಿಸಿಕೊಂಡು ಟೈಪ್ ಮಾಡಿದ. ರೂಪಶ್ರೀ ಅಜ್ಜಿಗೆ ಓದಿ ಹೇಳಿದಳು. "ಮರುಳಸಿದ್ದಮ್ಮ, ಹರಿಹರ."

ಅಜ್ಜಿ ಮುಂದಿನದಕ್ಕೆ ಕಾದರು. ಮುಂದೆ ಓದಲು ಏನೂ ಇರಲಿಲ್ಲ.

"ಅಷ್ಟೇ ಏನು? ಇಂಥೋರ ಹೆಂಡ್ತಿ ಅಂತ ಇಲ್ವಾ? ರೇಷನ್ ಕಾರ್ಡಿನಾಗೆ, ಓಟಿನ ಪಟ್ಟಿನಾಗೆ, ಎಲ್ಲಾ ಕಡೆ ಹಂಗೇ ಐತೆ."

"ಇಲ್ಲಿ ಆಟ ಕಟ್ಟಿದೋರ ಹೆಸ್ರಷ್ಟೇ ಅಜ್ಜಿ," ಎಂದ ಬಕ್ಕೇಶ.

ಮರುಳಸಿದ್ದಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಹಂಗಾದ್ರೆ ಕೊಡ್ರಿ," ಎಂದರು, "ಕೇಳಿದೋರಿಗೆಲ್ಲಾ ಕೊಡ್ರಿ."